ಹಲ್ಲವ್ವನ ದಾರಿ

ಅಳಿದು ಹೋದ ಕುಲವೊಂದನ್ನು ಒಂದೇ ಒಂದು ಹಲ್ಲಿನಿಂದ ಮರಳಿ ಎಬ್ಬಿಸಬಹುದು ಎಂದು ಯಾರಾದರೂ ನಮ್ಮ ಅಪ್ಪನಿಗೆ ಹೇಳಿದ್ದರೆ ಅವನು ಕಂಬಳಿ ಕೊಡವಿ ಹೆಗಲಿಗೇರಿಸಿ ಎದ್ದು ಹೋಗುತ್ತಿದ್ದ. ನಾನು ಎದ್ದು ಹೋಗಲಿಲ್ಲ. ನನಗೆ ಹೋಗಲು ಬೇರೆ ಜಾಗ ಇರಲಿಲ್ಲ.

ಆ ಹೊತ್ತಿಗೆ ನಮ್ಮ ಕಡೆ ಕುರಿ ಅಡ್ಡಾಡುವುದು ನಿಂತಿತ್ತು. ಮೇವಿನ ಮನೆಗಳು ಬಂದಿದ್ದವು. ಉದ್ದನೆಯ ತಗಡಿನ ಮನೆಯೊಳಗೆ ತಟ್ಟೆಗಳಲ್ಲಿ ಹುಲ್ಲು ಬೆಳೆದು, ಪಟ್ಟಿಯ ಮೇಲೆ ಹರಿದು ಕುರಿಯ ಬಾಯಿಗೇ ಬರುತ್ತಿತ್ತು. ಕುರಿಗೂ ನಡೆಯುವ ಕೆಲಸವಿಲ್ಲ, ಕುರುಬನಿಗೂ ಇಲ್ಲ. ದೀಪಾವಳಿ ದಾಟಿದ ಕೂಡಲೇ ಕುದುರೆಯ ಮೇಲೆ ಗುಡಾರ ಹೇರಿ ಹೊಳೆ ಹಿಡಿದು ಪಡುವಣಕ್ಕೆ ಹೊರಡುವುದು, ಮುಂಗಾರಿಗೆ ಮುಂಚೆ ತಿರುಗಿ ಬರುವುದು, ಇದನ್ನೇ ಬದುಕು ಎಂದುಕೊಂಡಿದ್ದವರಿಗೆ ಘಟಪ್ರಭೆಯ ದಂಡೆಯಲ್ಲಿ ಸಾಲು ಮನೆಗಳಾದವು. ಮನೆಗೊಂದು ನಳ. ನನ್ನ ಹೆಂಡತಿ ಕೆಂಚವ್ವ ಆ ನಳ ತಿರುವಿದಳು, ನೀರು ಬಂದದ್ದನ್ನು ನೋಡಿದಳು, ಅಲ್ಲೇ ಕುಳಿತಳು. ಅವಳ ತಿರುಗಾಟ ಅಲ್ಲಿಗೆ ಮುಗಿಯಿತು. ನನ್ನದು ಮುಗಿದಿರಲಿಲ್ಲ.

ಸಾಲು ಮನೆಗಳಿಂದ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಮರುಜೀವ ಕೇಂದ್ರ ಇತ್ತು. ಹೊಳೆಯ ದಂಡೆ ಕುಸಿದಾಗ ಗರಸು ಮಣ್ಣಿನ ಪದರದಲ್ಲಿ ಒಂದು ದವಡೆ ಹಲ್ಲು ಸಿಕ್ಕಿತ್ತು. ನನ್ನ ಮುಷ್ಟಿಯಷ್ಟು ದೊಡ್ಡದು, ಕಲ್ಲಿನಷ್ಟು ಭಾರ. ನಮ್ಮ ಸೀಮೆಯಲ್ಲಿ ಘೇಂಡಾಮೃಗಗಳು ಮೇಯುತ್ತಿದ್ದ ಕಾಲದ್ದಂತೆ. ಈಗ ಅಸ್ಸಾಮಿನಲ್ಲಿರುವ ಜಾತಿಯಲ್ಲ, ಅದರ ದೂರದ ದಾಯಾದಿ. ಪೂರ್ತಿ ಅಳಿದದ್ದು. ಕೇಂದ್ರದ ಡಾಕ್ಟರು ನಫೀಸಾ ಬೇಪಾರಿ, ಬಾಗಲಕೋಟೆಯ ಹೆಣ್ಣುಮಗಳು, ನನಗೆ ತಿಳಿಯುವ ಹಾಗೆ ಹೇಳಿದರು. ಎಲುಬೆಲ್ಲ ಕಲ್ಲಾದರೂ ಹಲ್ಲಿನ ಮೇಲಿನ ಗಟ್ಟಿ ಹೊದಿಕೆಯೊಳಗೆ ಆ ಪ್ರಾಣಿಯ ಪ್ರೋಟೀನಿನ ಚೂರುಗಳು ಸಿಕ್ಕಿಕೊಂಡು ಉಳಿಯುತ್ತವೆ. ಅವನ್ನು ಓದುವ ಯಂತ್ರ ಬಂದಿತ್ತು. ಹರಿದ ಕಂಬಳಿಯ ಒಂದು ಅಂಚು ಸಿಕ್ಕರೂ ನೇಯ್ಗೆ ಯಾವುದೆಂದು ತಿಳಿಯುತ್ತದಲ್ಲ, ಹಾಗೆ. ಉಳಿದ ತೂತುಗಳನ್ನು ಅಸ್ಸಾಮಿನ ಘೇಂಡಾಮೃಗದ ನೂಲಿನಿಂದ ತುಂಬಿದರು.

ಹೊಟ್ಟೆ ಮಾತ್ರ ಎಲ್ಲಿಂದ ತರುವುದು? ಅದಕ್ಕೊಂದು ತೊಟ್ಟಿ ಮಾಡಿದ್ದರು. ಬೆಲ್ಲದ ಕೊಪ್ಪರಿಗೆಯ ಮೇಲೆ ಇನ್ನೊಂದು ಕೊಪ್ಪರಿಗೆ ಕವುಚಿದಂಥ ಉಕ್ಕಿನ ತೊಟ್ಟಿ. ಒಳಗೆ ಬೆಚ್ಚನೆಯ ನೀರು, ಹೊಕ್ಕುಳ ಬಳ್ಳಿಯ ಬದಲು ಕೊಳವೆ, ರಕ್ತ ತಿರುಗಿಸಲು ಒಂದು ಪಂಪು. ಒಂದು ವರ್ಷಕ್ಕೂ ಮಿಕ್ಕಿ ಅದರೊಳಗಿದ್ದು ಕರು ಹುಟ್ಟಿತು. ಹೆಣ್ಣು. ಬೂದಿ ಬಣ್ಣ, ಅಳತೆ ತಪ್ಪಿ ಹೊಲಿದ ಅಂಗಿಯಂಥ ತೊಗಲು, ಮೂಗಿನ ಮೇಲೆ ಕೊಂಬು ಬರುವ ಕಡೆ ಒಂದು ಬುಗುಟು.

ಹುಟ್ಟಿದ ಮೇಲೆ ನನ್ನನ್ನು ಕರೆಸಿದರು.

“ಏನ ಮಾಡಬೇಕ್ರಿ ಬಾಯಾರ ನಾ?” ಎಂದೆ.

“ಏನೂ ಮಾಡಬಾರದು ಕಾಕಾ. ಅದರ ಹಂತ್ಯಾಕ ಕುಂತಿರಬೇಕು. ನಮ್ಮ ಮಂದಿಗೆ ಏನೂ ಮಾಡದ ಕುಂಡ್ರಾಕ ಬರೂದಿಲ್ಲ. ಸೂಜಿ ಚುಚ್ಚತಾರ, ಫೋಟೋ ಹೊಡೀತಾರ.”

ಕೇಂದ್ರದವರು ಅದಕ್ಕೆ ಏನೋ ಒಂದು ನಂಬರು ಕೊಟ್ಟಿದ್ದರು. ಕೆಂಚವ್ವ ಒಂದು ದಿನ ರೊಟ್ಟಿ ಕೊಡಲು ಬಂದವಳು ಬೇಲಿಯ ಹೊರಗಿನಿಂದ ನೋಡಿ, “ಹಲ್ಲಿನ್ಯಾಗಿಂದ ಬಂದಾಕಿಗೆ ನಂಬರ್ ಯಾತಕ್ಕ? ಹಲ್ಲವ್ವ ಅನ್ರಿ” ಎಂದಳು. ಅದೇ ನಿಂತಿತು.

ಮಳೆಗಾಲವೆಲ್ಲ ಹಲ್ಲವ್ವ ಚೆನ್ನಾಗಿದ್ದಳು. ಬಾಟಲಿಯ ಹಾಲು ಕುಡಿದು ಕೆಸರಿನಲ್ಲಿ ಉರುಳಿ, ನನ್ನ ಪಕ್ಕದಲ್ಲಿ ಮಲಗುತ್ತಿದ್ದಳು. ದೀಪಾವಳಿ ಮುಗಿದ ಮೇಲೆ ಎದ್ದು ನಿಂತಳು. ಪಡುವಣದ ಬೇಲಿಗುಂಟ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ನಡೆಯತೊಡಗಿದಳು. ಮೂಲೆ ಮುಟ್ಟಿ ತಿರುಗುವುದು, ಮತ್ತೆ ನಡೆಯುವುದು. ಎಳೆಯ ಪಾದಗಳ ಕೆಳಗೆ ನೆಲ ಸವೆದು ಸಣ್ಣ ಕಾಲುವೆಯಾಯಿತು. ಬಾಟಲಿ ತೋರಿಸಿದರೆ ಎರಡು ಗುಟುಕು ಕುಡಿದು ಬಿಡುವಳು. ಕಣ್ಣು ಮುಚ್ಚಿದರೂ ಕಾಲು ನಿಲ್ಲದು. ಅವಳನ್ನು ನೋಡುತ್ತ ಕುಳಿತಿರಲು ನನಗೂ ಆಗದಾಯಿತು. ನಾನೂ ಎದ್ದು ಬೇಲಿಯ ಹೊರಗಿನಿಂದ ಅವಳ ಜೊತೆ ನಡೆಯುತ್ತಿದ್ದೆ.

ನಫೀಸಾಬಾಯಿ ರಕ್ತ ನೋಡಿದರು, ಲದ್ದಿ ನೋಡಿದರು, ಪರದೆಯ ಮೇಲೆ ಎದೆ ಹೊಟ್ಟೆ ಎಲ್ಲ ನೋಡಿದರು.

“ಜಡ್ಡಿಲ್ಲ ಕಾಕಾ. ಜಡ್ಡಿದ್ದಿದ್ರ ಮದ್ದರ ಕೊಡತಿದ್ದೆ.”

ಯಂತ್ರಗಳನ್ನು ನೋಡಿಕೊಳ್ಳುವ ಉಮಾಕಾಂತ ಹುಬ್ಬಳ್ಳಿಯವನು, ಬಾಯಿ ಸುಮ್ಮನಿರದ ಮನುಷ್ಯ. “ಲಕ್ಷಗಟ್ಟಲೆ ವರ್ಷ ನೆಲದಾಗ ಮಲಗಿ ಬಂದಾಳ್ರಿ ಮೇಡಂ. ಇನ್ನೆಷ್ಟ ಮಲಗಬೇಕಾಕಿ” ಎಂದ.

“ನಿನ್ನ ಬಾಯಿಗೊಂದ ಬಟನ್ ಇದ್ದಿದ್ರ ಛೊಲೊ ಇತ್ತು, ಉಮಾಕಾಂತ.”

“ಇದ್ದಿದ್ರ ಅದನ್ನೂ ನಾನ ರಿಪೇರಿ ಮಾಡಬೇಕಿತ್ರಿ.”

ನಫೀಸಾಬಾಯಿ ನಗಲಿಲ್ಲ. ತೂಕದ ಹಲಗೆಯ ಮೇಲೆ ನಿಲ್ಲದೆ ಒದ್ದಾಡುತ್ತಿದ್ದ ಕರುವಿನ ಪಕ್ಕೆಲುಬುಗಳ ಮೇಲೆ ಕೈಯಾಡಿಸಿದರು. “ಹಿಂಗ ಇಳಕೋಂತ ಹ್ವಾದ್ರ ಸಂಕ್ರಾಂತಿ ಕಾಣೂದಿಲ್ಲ ಇದು. ಇಡೀ ಕುಲಕ್ಕ ಇದೊಂದ ಜೀವ. ಒಂದ ಕುಲ ಎರಡ ಸಲ ಸತ್ತಂಗಾಗತೈತಿ.”

ಮನೆಗೆ ಬಂದರೂ ನನಗೆ ಕೂಡಲಾಗಲಿಲ್ಲ. ಕೆಂಚವ್ವ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ನಾನು ನಳದಿಂದ ಬಾಗಿಲಿಗೆ, ಬಾಗಿಲಿನಿಂದ ನಳಕ್ಕೆ ತಿರುಗುತ್ತಿದ್ದೆ.

“ಕುಂಡ್ರಿ. ನಿಮ್ಮ ನೆರಳು ನನ್ನ ಮೆಣಸಿನಕಾಯಿ ಮ್ಯಾಲ ಹಾದ ಹಾದ ಒಣಗವಲ್ಲು.”

“ಆಕಿ ಹೋಗೂ ದಿನ ಬಂದೈತಿ ಕೆಂಚಿ.”

“ಯಾರು?”

“ಹಲ್ಲವ್ವ. ದೀಪಾವಳಿ ಆಗೂದ ತಡ, ಪಡುವಣದ ಕಡೆ ಮಾರಿ ಮಾಡಿ ನಿಂತಾಳ. ಮೇವು ಬ್ಯಾಡ ಅಂತಾಳ. ಅದು ಯಾವ ಲಕ್ಷಣ, ನಿನಗ ತಿಳೀದೇನು?”

ಅವಳಿಗೂ ತಿಳಿದಿತ್ತು. ನಮ್ಮಲ್ಲಿ ಹೊರಡುವ ದಿನವನ್ನು ಮನುಷ್ಯರು ಗೊತ್ತು ಮಾಡುತ್ತಿರಲಿಲ್ಲ. ಹಿಂಡಿನ ಮುಂದಾಳು ಕುರಿ ಮೇಯುವುದನ್ನು ಬಿಟ್ಟು ಒಂದೇ ಕಡೆ ಮುಖ ಮಾಡಿ ನಿಂತಿತೆಂದರೆ ಮರುದಿನ ಗುಡಾರ ಕಿತ್ತಂತೆ. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಸಾಲು ಮನೆಗಳ ಮುದುಕರೆಲ್ಲ ಬೇಲಿಯ ಹತ್ತಿರ ಬಂದು ನೋಡಿ ಇದನ್ನೇ ಹೇಳಿದ್ದರು. ಅವಳ ಹಿರಿಯರೂ ಈ ಹೊಳೆ ಹಿಡಿದು ತಿರುಗಿದವರೇ ಇರಬೇಕು, ಅವಳ ಎಲುಬಿನಲ್ಲಿ ಆ ದಾರಿ ಇದೆ, ಬಿಡಬೇಕು. ಹೇಳುವಾಗ ಒಬ್ಬೊಬ್ಬರ ಕಣ್ಣೂ ಬೆಳಗುತ್ತಿತ್ತು.

ಕೆಂಚವ್ವ ಒಂದು ಕಾಯಿಯ ತೊಟ್ಟು ಮುರಿದು ಬುಟ್ಟಿಗೆ ಹಾಕಿದಳು. “ನಿಮ್ಮ ಕಾಲ ತುರಿಸಿದ್ರ ತುರಿಸಕೋರಿ. ಆ ಕೂಸಿನ ಮ್ಯಾಲ ಯಾಕ ಹಾಕತೀರಿ” ಎಂದಳು.

ನಾನು ಮತ್ತೆ ನಳದ ಕಡೆ ತಿರುಗಿದೆ.

ಮರುದಿನ ನಫೀಸಾಬಾಯಿಗೆ ಹೇಳಿದೆ. ಅವರು ಅಲ್ಲಗಳೆಯಲಿಲ್ಲ. ಹಕ್ಕಿಗಳಿಗೆ ಯಾರೂ ಹೇಳಿಕೊಡದೆ ದಾರಿ ಗೊತ್ತಿರುತ್ತದೆ, ಕೆಲವು ಪ್ರಾಣಿಗಳ ಮೈಯೂ ಋತು ಅರಿಯುತ್ತದೆ ಎಂದರು. ಘೇಂಡಾಮೃಗಕ್ಕೆ ಹಾಗಿರುವುದು ಕೇಳಿಲ್ಲ, ಆದರೆ ಈ ಕುಲವನ್ನು ನೋಡಿದವರೇ ಇಲ್ಲವಲ್ಲ ಎಂದರು. ಅವರ ದನಿಯಲ್ಲೂ ನಮ್ಮ ಮುದುಕರ ಆಸೆಯೇ ಇತ್ತು. ಸುಮ್ಮನೆ ನೋಡುತ್ತ ಕುಳಿತು ಅವರಿಗೂ ಸಾಕಾಗಿತ್ತು.

ಬಾಗಿಲು ತೆಗೆದೆವು. ಹಲ್ಲವ್ವ ಹೊರಗೆ ಬಂದವಳೇ ಯಂತ್ರದ ಮನೆಯ ಗೋಡೆಗೆ ಹೋಗಿ ಹಣೆಯಿಟ್ಟು ನಿಂತಳು. ಪಡುವಣಕ್ಕೆ ಗೋಡೆ ಅಡ್ಡವಾಯಿತೆಂದು ನಾವು ಬಾಟಲಿ ತೋರಿಸಿ ಸುತ್ತು ಹಾಕಿಸಿ ದಂಡೆಗೆ ತಂದೆವು. ನಾನು ಮುಂದೆ, ಅವಳು ನಡುವೆ, ಹಿಂದೆ ನಫೀಸಾಬಾಯಿ ಮತ್ತು ಹಾಲಿನ ಕ್ಯಾನು ಹೊತ್ತ ಉಮಾಕಾಂತ. ಬೆನ್ನ ಮೇಲೆ ಬಿಸಿಲು ಬಿದ್ದಂತೆ ನನ್ನ ಕಾಲಿಗೆ ಹರಯ ಬಂದಿತ್ತು. ಹಲ್ಲವ್ವ ಮಾತ್ರ ಮೇಲಿಂದ ಮೇಲೆ ಹಿಂದಕ್ಕೆ ತಿರುಗುತ್ತಿದ್ದಳು. ಹೊಸ ಕುರಿಯೂ ಮೊದಲ ದಿನ ಹಾಗೇ ಮಾಡುತ್ತದೆ ಎಂದುಕೊಂಡು ನಾನು ತಿರುತಿರುಗಿ ಮುಂದಕ್ಕೆ ಹಚ್ಚಿದೆ.

ಹೊಳೆಯ ತಿರುವಿನಲ್ಲಿ ಒಂದು ಬಯಲಿದೆ. ನಮ್ಮ ಕಾಲದಲ್ಲಿ ರಾತ್ರಿ ಕುರಿ ತರುಬಿ ಇಳಿದುಕೊಳ್ಳುತ್ತಿದ್ದ ತಳ. ಈಗ ಕಬ್ಬು ಬಂದು ಮೂಲೆಯಷ್ಟೇ ಉಳಿದಿತ್ತು. ಅಲ್ಲಿ ಒಬ್ಬ ರೈತ ಹಳೆಯ ಡೀಸಲ್ ಎಂಜಿನ್ನು ಹಚ್ಚಿ ಹೊಳೆಯಿಂದ ನೀರೆತ್ತುತ್ತಿದ್ದ. ಹಲ್ಲವ್ವ ಕಿವಿ ನಿಮಿರಿಸಿದಳು. ನನ್ನನ್ನು ದಾಟಿ ಓಡಿದಳು. ಆ ಮೂಲೆಗೆ ಹೋಗಿ, ಮೊಣಕಾಲೂರಿ, ಗದ್ದವನ್ನು ನೆಲಕ್ಕಿಟ್ಟು ಮಲಗಿದಳು. ನೋಡನೋಡುತ್ತ ನಿದ್ದೆ ಹೋದಳು.

ನಾನು ಬಾಗಿ ನೆಲ ಮುಟ್ಟಿದೆ. “ನೋಡ್ರಿ ಬಾಯಾರ. ಇದ ತಳ. ಯಾರ ಹೇಳಿದ್ರು ಇಕಿಗೆ?”

ನಫೀಸಾಬಾಯಿ ಮಣ್ಣಿನಲ್ಲೇ ಕುಳಿತರು. ಬಹಳ ದಿನಗಳ ಮೇಲೆ ಅವರ ಮುಖ ಸಡಿಲಾಗಿತ್ತು. 

ಆಗ ಎಂಜಿನ್ನು ಕೆಮ್ಮಿ ನಿಂತಿತು. “ಡೀಸಲ್ ಮುಗೀತ್ರಿ” ಎಂದ ರೈತ, ಕಬ್ಬಿನ ಸಂದಿಯಿಂದ ಬರುತ್ತ.

ಹಲ್ಲವ್ವ ಎದ್ದು ನಿಂತಿದ್ದಳು. ಸಿಳ್ಳೆಯಂತೆ ಸಣ್ಣಗೆ ಕೂಗಿ ಎಂಜಿನ್ನಿನ ಸುತ್ತ ತಿರುಗಿದಳು, ಮೂತಿಯಿಂದ ತಿವಿದಳು, ಬಿಸಿ ತಾಗಿ ಹಿಂದೆ ಸರಿದು ಮತ್ತೆ ತಿವಿದಳು. ಉಮಾಕಾಂತ ಕ್ಯಾನು ಕೆಳಗಿಟ್ಟ.

“ಡಬ್ಬ್ಯಾಗ ಒಂದೀಟರ ಐತೇನು ಅಣ್ಣಾ? ಹಾಕಿ ಚಾಲೂ ಮಾಡು.”

ಚಾಲೂ ಆಯಿತು. ಅವಳು ಮಲಗಿದಳು. ನಿಲ್ಲಿಸಿದರು. ಎದ್ದಳು.

“ಮೇಡಂ,” ಎಂದ ಉಮಾಕಾಂತ ಮೆಲ್ಲಗೆ, “ಆ ತೊಟ್ಟಿ ಪಂಪು. ಕರು ಹುಟ್ಟಿದ ಮ್ಯಾಲೂ ತುಕ್ಕ ಹಿಡೀಬಾರದು ಅಂತ ಓಡಸ್ತಿದ್ದೆ. ದೀಪಾವಳಿ ಆದ ಮ್ಯಾಲ ಬಂದ ಮಾಡೇನ್ರಿ. ತೊಟ್ಟಿ ಘಟ್ಟದ ಕಡೆ ಸಾಗಸೂ ತಯಾರಿಗೆ.”

ಪಂಪಿನ ಬಡಿತ ನೆಲದೊಳಗಿನಿಂದ ಹಾದು ಅವಳ ಪಾದಕ್ಕೆ ತಾಗುತ್ತಿತ್ತು. ಹುಟ್ಟುವ ಮೊದಲಿನಿಂದ ಅವಳು ಬಲ್ಲದ್ದು ಅದೊಂದೇ. ಪಡುವಣದ ಬೇಲಿಯಾಚೆ ಇದ್ದದ್ದು ಹೊಳೆಯ ದಾರಿಯಲ್ಲ, ಯಂತ್ರದ ಮನೆ. ನಾವು ಮುದುಕರು ಕೂಡಿ ತಾಯಿಯನ್ನು ಹುಡುಕುತ್ತಿದ್ದ ಕೂಸನ್ನು ತಾಯಿಯಿಂದ ದೂರ ದೂರ ಹೊಡೆದುಕೊಂಡು ಬಂದಿದ್ದೆವು. ನಫೀಸಾಬಾಯಿ ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದು ಅವರ ದೊಡ್ಡತನ. ನಾನು ಆ ತಳದ ಮಣ್ಣನ್ನು ನೋಡುತ್ತಿದ್ದೆ. ಅವಳಿಗೆ ಅದು ಏನೂ ಆಗಿರಲಿಲ್ಲ.

ಅಂದೇ ತೊಟ್ಟಿಯ ಪಂಪು ಹಚ್ಚಿ ಅವಳನ್ನು ಯಂತ್ರದ ಮನೆಯೊಳಗೆ ಬಿಟ್ಟೆವು. ಉಕ್ಕಿಗೆ ದವಡೆ ಒತ್ತಿಕೊಂಡು ನಿಂತಳು, ಬಾಟಲಿ ಬರಿದು ಮಾಡಿದಳು, ಮಲಗಿದಳು.

ಆದರೆ ತೊಟ್ಟಿ ಹೋಗಲೇಬೇಕಿತ್ತು. ಘಟ್ಟದ ಕಡೆಯ ಇನ್ನೊಂದು ಕೇಂದ್ರದಲ್ಲಿ ಅದೇ ಹಲ್ಲಿನಿಂದ ಮಾಡಿದ ಗಂಡು ಭ್ರೂಣ ಹಿಮದಲ್ಲಿ ಕಾಯುತ್ತಿತ್ತು. ಅದು ಕೆಡುವ ಲಕ್ಷಣ ತೋರುತ್ತಿದೆ ಎಂದು ಅಲ್ಲಿಂದ ದಿನಾ ಫೋನು. ತೊಟ್ಟಿ ಇದ್ದದ್ದು ಒಂದೇ. ಅದು ಹೋಗದಿದ್ದರೆ ಗಂಡಿಲ್ಲ, ಹೋದರೆ ಇವಳಿಲ್ಲ. ಉಮಾಕಾಂತ ಬಡಿತವನ್ನು ರೆಕಾರ್ಡು ಮಾಡಿ ದೊಡ್ಡ ಸ್ಪೀಕರಿನಲ್ಲಿ ಕೇಳಿಸಿದ. ಅವಳು ಕಿವಿಯನ್ನಷ್ಟೇ ಆಡಿಸಿದಳು, ಅವಳಿಗೆ ಬೇಕಾದದ್ದು ಕಿವಿಗಲ್ಲ, ಪಾದಕ್ಕೆ. ಡೀಸಲ್ ಎಂಜಿನ್ನು ತಂದಿಟ್ಟ. ಹೊಗೆಗೆ ಕೆಮ್ಮಿ ಕೆಮ್ಮಿ ಕುಡಿದ ಹಾಲನ್ನೆಲ್ಲ ಕಾರಿದಳು. ಕರೆಂಟಿನ ಮೋಟಾರು ಹಚ್ಚಿದ. ಅದು ಬಡಿಯುವುದಿಲ್ಲ, ಒಂದೇ ಸಮ ಗುಂಯ್‌ಗುಡುತ್ತದೆ, ಅವಳು ಅತ್ತ ಸುಳಿಯಲಿಲ್ಲ. ತೊಟ್ಟಿಯ ಜೊತೆಗೇ ಲಾರಿಗೆ ಹತ್ತಿಸಲು ನೋಡಿದೆವು. ಒಳಗೆ ಬಡಿದಾಡಿ ಮೊಣಕಾಲು ಕೆತ್ತಿಕೊಂಡಳು. ಮಂಪರಿನ ಮದ್ದು ಕೊಟ್ಟರೆ ಸೊರಗಿದ ಮೈ ಮತ್ತೆ ಏಳುವುದಿಲ್ಲ ಎಂದರು ಬಾಯಿ.

ಕಡೆಗೆ ಅವರೇ ಹೇಳಿದರು: “ಲಾರಿ ಮ್ಯಾಲ ತೊಟ್ಟಿ ಇಟ್ಟು, ಜನರೇಟರ್ ಹಚ್ಚಿ, ಪಂಪ ಓಡಸಕೋಂತ ಹೋಗೂನು. ಎತ್ತಿನ ಬಂಡಿ ಹೋದಂಗ. ಇಕಿ ಹಿಂದ ನಡಕೋಂತ ಬರತಾಳ. ಬರತೀರೇನ್ ಕಾಕಾ?”

ಮನೆಯಲ್ಲಿ ಹೇಳಿದಾಗ ಕೆಂಚವ್ವ ನನ್ನ ಮುಖವನ್ನೇ ನೋಡಿದಳು. “ಅಂತೂ ಹೊಂಟ್ರಿ.”

“ಕರುವಿನ ಸಲುವಾಗಿ.”

“ಹೌದೌದು, ಕರುವಿನ ಸಲುವಾಗಿ.” ಗಂಟಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದಳು. “ನೀನೂ ಬಾ” ಎಂದೆ. “ನಳ ಬಿಟ್ಟ ನಾ ಬರೂದಿಲ್ಲ” ಎಂದಳು. ಬಾಗಿಲ ತನಕ ಬಂದು, “ಆಕಿನ್ನ ಉಳಿಸಿಕೊಂಡ ಬರ್ರಿ. ಬರಿಗೈಲೆ ಬಂದ್ರ ನಿಮ್ಮನ್ನ ನೋಡಾಕ ನನಗಾಗೂದಿಲ್ಲ” ಎಂದಳು.

ರಸ್ತೆಯ ಮೇಲೆ ಲಾರಿ ಆಮೆಯಂತೆ ಸಾಗಿತು. ತೊಟ್ಟಿಯನ್ನು ಹಿಂಬದಿಯ ಅಂಚಿಗೇ ಕೂಡಿಸಿದ್ದೆವು. ಪಂಪಿನ ಬಡಿತ ಲಾರಿಯ ಕಬ್ಬಿಣದಲ್ಲಿ ಹಾಯುತ್ತಿತ್ತು, ಹಲ್ಲವ್ವ ಹಲಗೆಗೆ ಮೂತಿ ಹಚ್ಚಿಯೇ ನಡೆಯುತ್ತಿದ್ದಳು. ನಾನು, ನಫೀಸಾಬಾಯಿ ಪಕ್ಕದಲ್ಲಿ. ಊರೂರಿನ ಮಂದಿ ಹೊರಗೆ ಬಂದರು.

“ಇದೇನೋ ಯಜ್ಜಾ, ಎಮ್ಮೀಕರ ದಪ್ಪನ್ನ ಕೋಟ ಹಾಕ್ಕೊಂಡಂಗೈತಿ” ಎಂದಳು ಒಬ್ಬಾಕೆ.

“ನಿಮ್ಮೂರಾಕೀನ ಇಕಿ. ನಿಮಗಿಂತ ಮೊದಲ ಇಲ್ಲಿದ್ದಾಕಿ” ಎಂದ ಉಮಾಕಾಂತ ಲಾರಿಯ ಮೇಲಿನಿಂದ.

“ಹಂಗಾರ ಜಾಗಾ ಕೇಳಾಕ ಬಂದಾಳೇನ? ಇಲ್ಲ ಅಂತ ಹೇಳು.”

ಘಟ್ಟದ ಏರು ಶುರುವಾದಲ್ಲಿ, ಹೊತ್ತು ನೆತ್ತಿಗೆ ಬಂದಾಗ ಜನರೇಟರ್ ಎರಡು ಸಲ ಬಿಕ್ಕಿ ನಿಂತಿತು. ಪಂಪೂ ನಿಂತಿತು, ಲಾರಿಯೂ ನಿಂತಿತು. ಹಲ್ಲವ್ವ ತಲೆ ಎತ್ತಿದಳು. ಕೂಗಿದಳು. ಎದುರಿನಿಂದ ಇಳಿಯುತ್ತಿದ್ದ ಲಾರಿಯೊಂದರ ಗಾಲಿಗಳಿಂದ ರಸ್ತೆ ನಡುಗಿತು, ಅವಳು ಆ ನಡುಕದ ಕಡೆಗೇ ಓಡಿದಳು. ನಾನು ಕೊರಳಿಗೆ ಬಿದ್ದು ಜಗ್ಗಿದೆ. ನನ್ನನ್ನು ಎಳೆದುಕೊಂಡೇ ಹೋದಳು. ಡಾಂಬರಿನ ಮೇಲೆ ಬಿದ್ದೆ. ಆ ಲಾರಿಯವನು ಬ್ರೇಕು ಹಾಕಿ ಒಂದು ಮಾರು ದೂರದಲ್ಲಿ ನಿಲ್ಲಿಸಿದ. ಅವನ ಹಿಂದೆ ಇನ್ನೊಂದು ಬರುತ್ತಿತ್ತು, ಅವಳು ಅತ್ತ ತಿರುಗಿದಳು.

ಆಗ ಹಿಂದಿನಿಂದ ಬಡಿತ ಕೇಳಿತು. ಒಂದು ದೊಡ್ಡದು, ಅದರ ಬೆನ್ನಿಗೊಂದು ಸಣ್ಣದು, ತುಸು ತಡೆ. ಮತ್ತೆ ದೊಡ್ಡದು. ತಿರುಗಿ ನೋಡಿದರೆ ನಫೀಸಾಬಾಯಿ ರಸ್ತೆಯಲ್ಲಿ ನಿಂತು ಎರಡೂ ಅಂಗೈಗಳಿಂದ ತೊಟ್ಟಿಯ ಉಕ್ಕನ್ನು ಬಡಿಯುತ್ತಿದ್ದರು. ಅದು ಲಾರಿಯ ಕಬ್ಬಿಣದಿಂದ ರಸ್ತೆಗೂ ಇಳಿಯಿತು. ಹಲ್ಲವ್ವ ನಿಂತಳು. ಕಾಲು ಒಂದೊಂದಾಗಿ ಈ ಕಡೆ ತಿರುಗಿದವು.

ಉಮಾಕಾಂತ ಓಡಿ ಬಂದು ತಾನೂ ಬಡಿದ. ತಾಳ ಹೊಂದಲಿಲ್ಲ, ಹಲ್ಲವ್ವ ಮತ್ತೆ ತಲೆ ಎತ್ತಿದಳು.

“ನೀ ಜನರೇಟರ್ ನೋಡು” ಎಂದರು ಬಾಯಿ, ಕೈ ನಿಲ್ಲಿಸದೆ. “ಇದು ನಿನ್ನ ಕೈಗೆ ಬರೂದಿಲ್ಲ.”

ಕರು ತೊಟ್ಟಿಯೊಳಗೆ ಇದ್ದಷ್ಟು ದಿನ ಆ ಬಡಿತ ಎಲ್ಲಿ ತಪ್ಪುತ್ತದೋ ಎಂದು ಅದರ ಪಕ್ಕದಲ್ಲೇ ಉಂಡು, ಅದರ ಪಕ್ಕದಲ್ಲೇ ಮಲಗಿದವರು ಅವರು. ಅದು ಅವರ ಮೈಯೊಳಗೆ ಕುಳಿತಿತ್ತು. ಎರಡೂ ಕಡೆ ಲಾರಿಗಳು ಸಾಲುಗಟ್ಟಿದವು. ಯಾರೋ ಹಾರ್ನು ಒತ್ತಿದರೆ ಬೇರೆ ಡ್ರೈವರುಗಳೇ ಬೈದು ನಿಲ್ಲಿಸಿದರು. ನಫೀಸಾಬಾಯಿಯ ಅಂಗೈ ಕೆಂಪಾಯಿತು, ಆಮೇಲೆ ಊದಿತು. ಅವರು ಬಡಿಯುತ್ತಲೇ ಇದ್ದರು. ಹಲ್ಲವ್ವ ಹತ್ತಿರ ಬಂದಳು. ಲಾರಿಯ ಹಲಗೆಗೆ ದವಡೆ ಒತ್ತಿದಳು. ಸ್ವಲ್ಪ ಹೊತ್ತಿಗೆ ಅದನ್ನು ಬಿಟ್ಟು, ಬಡಿಯುತ್ತಿದ್ದ ಮೈಗೆ, ನಫೀಸಾಬಾಯಿಯ ಸೊಂಟಕ್ಕೆ ಒರಗಿದಳು.

ಜನರೇಟರ್ ಹತ್ತಿತು. ಪಂಪು ಬಡಿಯತೊಡಗಿತು. ನಫೀಸಾಬಾಯಿಗೆ ಅದು ಗೊತ್ತೇ ಆಗಲಿಲ್ಲ.

“ಬಾಯಾರ, ಚಾಲೂ ಆತ್ರಿ” ಎಂದೆ.

ಅವರು ಕೈ ಇಳಿಬಿಟ್ಟು, ನೀರು ಹನಿಸಿಕೊಳ್ಳಲು ರಸ್ತೆಯ ಬದಿಗೆ ಹೋದರು. ಹಲ್ಲವ್ವ ಬಡಿಯುತ್ತಿದ್ದ ತೊಟ್ಟಿಯ ಹತ್ತಿರ ಒಂದು ಗಳಿಗೆ ನಿಂತಳು. ಆಮೇಲೆ ಅವರ ಹಿಂದೆ ನಡೆದಳು. ಅವರು ಕಲ್ಲಿನ ಮೇಲೆ ಕುಳಿತರು, ಇವಳು ಅವರ ಪಾದಗಳ ಮೇಲೆ ಗದ್ದವಿಟ್ಟು ಮಲಗಿದಳು.

ಉಮಾಕಾಂತ ಡ್ರೈವರನಿಗೆ ಕೈ ಮಾಡಿದ. ಲಾರಿ ನಾಲ್ಕು ಮಾರು ಮುಂದೆ ಹೋಗಿ ನಿಂತಿತು. ಹಲ್ಲವ್ವನ ಒಂದು ಕಿವಿ ಅತ್ತ ತಿರುಗಿತು, ಮತ್ತೆ ಮಡಚಿಕೊಂಡಿತು. ಇನ್ನೂ ಮುಂದೆ ಹೋಯಿತು. ಅವಳು ಏಳಲಿಲ್ಲ.

“ತೊಟ್ಟಿ ತಗೊಂಡ ನಡಿ ಉಮಾಕಾಂತ” ಎಂದರು ಬಾಯಿ. “ಅಲ್ಲೊಂದ ಕಾಯಾಕತ್ತೈತಿ.”

“ನೀವ್ರಿ ಮೇಡಂ?”

“ನನಗೆಲ್ಲಿ ಏಳಾಕ ಬರತೈತಿ ಈಗ. ಇಕಿ ಎದ್ದಾಗ ಹಿಂದಿಂದ ಬರತೀವಿ. ಅಲ್ಲಿ ಮಂದಿಗೆ ಹೇಳು, ಆ ಗಂಡು ಹುಟ್ಟೂ ತನಕ ತೊಟ್ಟಿ ಹಂತ್ಯಾಕ ಯಾರರ ಒಬ್ಬರು ಕುಂತಿರಲಿ. ಒಬ್ಬರ, ದಿನಾ ಅವರ ಕುಂಡ್ರಬೇಕು.”

“ಅಷ್ಟ ದಿನ ಯಾರ ಕುಂಡ್ರತಾರ್ರಿ?”

“ನೀ ಕುಂಡ್ರು. ತಾಳ ಕಲಿ.”

ಲಾರಿ ಏರು ಹತ್ತಿ ತಿರುವಿನಲ್ಲಿ ಮರೆಯಾಯಿತು. ತಡೆದು ನಿಂತಿದ್ದ ವಾಹನಗಳೆಲ್ಲ ಒಂದರ ಹಿಂದೊಂದು ಹೋದವು, ಒಂದೊಂದು ಹೋದಾಗಲೂ ನೆಲ ನಡುಗುತ್ತಿತ್ತು. ಪ್ರತಿ ನಡುಕಕ್ಕೂ ನಾನು ಅವಳ ಕೊರಳಿನ ಕಡೆ ಕೈ ಚಾಚುತ್ತಿದ್ದೆ. ಅವಳು ಕದಲಲಿಲ್ಲ. ನಾನು ಗಂಟಿನ ಜೊತೆ ಲಾರಿಯಿಂದ ಇಳಿಸಿಕೊಂಡಿದ್ದ ಕ್ಯಾನಿನಿಂದ ಬಾಟಲಿಗೆ ಹಾಲು ತುಂಬಿ ನಫೀಸಾಬಾಯಿಯ ಕೈಗೆ ಕೊಟ್ಟೆ. ಊದಿದ ಬೆರಳು ಮಡಚಲಾಗದೆ ಬಾಟಲಿ ಜಾರಿತು.

“ನೀವ ಹಿಡೀರಿ ಕಾಕಾ” ಎಂದರು.

ಮಣ್ಣಿನಲ್ಲಿ ಕುಳಿತು ಹಿಡಿದೆ. ಹಲ್ಲವ್ವ ಕಣ್ಣು ತೆರೆಯದೆಯೇ ರಬ್ಬರಿಗೆ ಬಾಯಿ ಹಾಕಿದಳು. ತಳದ ತನಕ ಕುಡಿದಳು, ಹಾಲು ಮುಗಿದ ಮೇಲೂ ಬಿಡದೆ ಜಗ್ಗಿದಳು.